ಎನ್‌ಫೀಲ್ಡ್ ರೈಫಲ್ಲಿನ ಕೀರ್ತಿ ಮತ್ತು ಕೊಪ್ಪಳದ ಗುಡ್ಡ

ರೈಫಲ್ಲಿನ ಗುರಿಯಲ್ಲಿ ಎರಡು ಗುಣಗಳಿವೆ. ಹಾರಿಸಿದ ಗುಂಡುಗಳೆಲ್ಲ ಒಂದೇ ಜಾಗಕ್ಕೆ ಹೋಗಬೇಕು; ಆ ಜಾಗ ಹೊಡೆಯುವವನು ಬಯಸಿದ್ದೇ ಆಗಿರಬೇಕು. ಮೊದಲನೆಯದು ನಳಿಗೆ ಮತ್ತು ಕಾಡತೂಸಿನ ಗುಣ. ಎರಡನೆಯದಕ್ಕೆ ದೂರ ಅಳೆಯುವ ಕಣ್ಣು ಬೇಕು. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲನ್ನು ಹೊಗಳುವ ಬರಹಗಳು ಈ ಎರಡನ್ನೂ ಒಂದೇ ಎಂದು ತಿಳಿದಿವೆ. ಅದರ ಕೀರ್ತಿ ಅಳತೆ ಮೀರಿ ಬೆಳೆದದ್ದು ಇಲ್ಲಿಂದಲೇ.

ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಹಲಗಲಿಯ ಬೇಡರು, ನರಗುಂದ ಮತ್ತು ಮುಂಡರಗಿಯವರು ಬಂಡೆದ್ದ ಕಥೆ ಓದುಗರಿಗೆ ಗೊತ್ತಿರುವಂಥದ್ದು. 1858ರ ಜೂನ್ 1ರಂದು ಮೇಜರ್ ಹ್ಯೂಸನ ಪಡೆ ಕೊಪ್ಪಳದ ಕೋಟೆಯನ್ನು ಹಿಡಿಯಿತು. ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಅಲ್ಲೇ ಮಡಿದರು. ಇದೇ ಕೋಟೆ 1790–91ರಲ್ಲಿ ಇಂಗ್ಲಿಷರು ಮತ್ತು ನಿಜಾಮನ ಮುತ್ತಿಗೆಗೆ ಸುಮಾರು ಆರು ತಿಂಗಳು ಜಗ್ಗಿರಲಿಲ್ಲ. ಅಂದು ತಿಂಗಳುಗಟ್ಟಲೆ ನಿಂತದ್ದು ಮುಂದೆ ಕೆಲವೇ ದಿನಗಳಲ್ಲಿ ಬಿದ್ದದ್ದಕ್ಕೆ ರೈಫಲ್ಲೇ ಕಾರಣ ಎಂಬ ವಾದ ಓದಲು ಸಲೀಸು, ಆದರೆ ನಿಲ್ಲುವಂಥದ್ದಲ್ಲ.

ರೈಫಲ್ಲಿನ ನಿಜವಾದ ಬಲ ನಳಿಗೆಯ ಒಳಗಿದೆ. ಹಳೆಯ ಬ್ರೌನ್ ಬೆಸ್ ಬಂದೂಕಿನ ನಳಿಗೆಯ ಒಳಅಗಲ 0.75 ಅಂಗುಲ, ಗುಂಡು ಸುಮಾರು 0.69 ಅಂಗುಲ. ನಡುವಿನ ಸಂದಿಯಿಂದಾಗಿ ಗುಂಡು ಗೋಡೆಗೆ ಬಡಿದುಕೊಳ್ಳುತ್ತ ಸಾಗಿ, ಕೊನೆಯಲ್ಲಿ ಯಾವ ಬದಿಗೆ ತಾಗಿತೋ ಅದಕ್ಕೆ ತಕ್ಕಂತೆ ಹೊರಬೀಳುತ್ತಿತ್ತು. ಬೇಡರ ಬತ್ತಿ ಬಂದೂಕಿಗೂ ಇದೇ ತೊಡಕು. ಜೊತೆಗೆ ಕೈಯಿಂದ ಸುರಿದ ಮದ್ದು ಪ್ರತಿ ಸಲ ಒಂದೇ ತೂಕವಿರುತ್ತಿರಲಿಲ್ಲ. ಎನ್‌ಫೀಲ್ಡ್‌ನ 39 ಅಂಗುಲದ ನಳಿಗೆಯೊಳಗೆ ಮೂರು ತೋಡುಗಳಿದ್ದು, ಅವು 78 ಅಂಗುಲಕ್ಕೆ ಒಂದು ಸುತ್ತು ತಿರುಗುತ್ತವೆ. 530 ಗ್ರೇನ್ ತೂಕದ ಸೀಸದ ಗುಂಡು ಮದ್ದಿನ ಒತ್ತಡಕ್ಕೆ ಉಬ್ಬಿ ತೋಡುಗಳನ್ನು ಕಚ್ಚಿಕೊಂಡು, ತಿರುಗುತ್ತ ಹೊರಬರುತ್ತದೆ. ತಿರುಗುವ ಗುಂಡು ಮೊಗಚುವುದಿಲ್ಲ.

ಇದಕ್ಕಿಂತ ದೊಡ್ಡ ಸಾಧನೆ ಕಾಡತೂಸಿನದು. ಮದ್ದು, ಗುಂಡು, ಜಿಡ್ಡು ಮೂರೂ ಕಾಗದದಲ್ಲಿ ಅಳತೆಗೆ ಸರಿಯಾಗಿ ಸಿದ್ಧವಾಗಿ ಬರುತ್ತಿದ್ದವು. ಒಂದೇ ಸಮನೆ ಹೊಡೆತ ಬೀಳಲು ಇದೇ ಮೂಲ. 1857ರ ದಂಗೆಯ ಚರ್ಚೆಯಲ್ಲಿ ಜಿಡ್ಡು ಎಂದರೆ ಧರ್ಮದ ಪ್ರಶ್ನೆ ಮಾತ್ರ ಎಂಬಂತಾಗಿದೆ. ಗುರಿಗೆ ಅದು ಎಷ್ಟು ಮುಖ್ಯವೆಂದು ವಿಮರ್ಶಕರು ನೋಡಿಲ್ಲ. ಜಿಡ್ಡು ಒಣಗಿದರೆ ಮದ್ದಿನ ಮಸಿ ಗಟ್ಟಿಯಾಗಿ ತೋಡುಗಳನ್ನು ತುಂಬುತ್ತದೆ. ಇಲ್ಲಿನ ಬಿಸಿಲಿನಲ್ಲಿ ಗುಂಡು ನಳಿಗೆಗೆ ಇಳಿಯದೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ಗುಂಡಿನ ಅಗಲವನ್ನು 0.568 ಅಂಗುಲದಿಂದ 0.550ಕ್ಕೆ ಇಳಿಸಬೇಕಾಯಿತು.

ಇಷ್ಟೆಲ್ಲ ಒಪ್ಪಿದ ಮೇಲೂ ದೂರದ ಪ್ರಶ್ನೆ ಉಳಿಯುತ್ತದೆ. ಹಿಂಬದಿಯ ಗುರಿಪಟ್ಟಿಯಲ್ಲಿ 900 ಗಜಕ್ಕೂ ಗುರುತು ಇತ್ತು. ಹೊಗಳುವವರು ಹಿಡಿದುಕೊಂಡಿರುವುದು ಆ ಅಂಕಿಯನ್ನೇ. ಆದರೆ ಈ ಗುಂಡು ನಿಧಾನದ್ದು, ಸೆಕೆಂಡಿಗೆ ಸಾವಿರ ಅಡಿಯೂ ಇಲ್ಲ. 500 ಗಜ ಮುಟ್ಟಲು ಸುಮಾರು ಎರಡು ಸೆಕೆಂಡು ಬೇಕು; ಲೆಕ್ಕ ಹಾಕಿದರೆ ನಡುದಾರಿಯಲ್ಲಿ ಅದು ಸುಮಾರು ಹದಿನೈದು ಅಡಿ ಮೇಲೇರಿ ಇಳಿಯಬೇಕು. 470 ಗಜದಲ್ಲಿ ನಿಂತವನನ್ನು 500 ಗಜದಲ್ಲಿದ್ದಾನೆಂದು ಎಣಿಸಿ ಎದೆಗೆ ಗುರಿಯಿಟ್ಟರೆ ಗುಂಡು ತಲೆಯ ಮೇಲೆ ಹೋಗುತ್ತದೆ. ಮೂವತ್ತು ಗಜದ ತಪ್ಪು ಸಾಕು. ಕುಷ್ಟಗಿ, ಯಲಬುರ್ಗಾದ ಎರೆಹೊಲಗಳಲ್ಲಿ, ಮರವಿಲ್ಲದ ಬಯಲಿನಲ್ಲಿ, ಬಿಸಿಲ್ಗುದುರೆ ಕುಣಿಯುವ ಹೊತ್ತಿನಲ್ಲಿ ಮೂವತ್ತು ಗಜ ತಪ್ಪದ ಕಣ್ಣು ಅಪರೂಪ. ಇಂಗ್ಲೆಂಡಿನ ಹೈಥ್‌ನಲ್ಲಿ 1853ರಲ್ಲಿ ಶುರುವಾದ ಬಂದೂಕಿನ ಶಾಲೆ ದೂರ ಅಳೆಯುವುದನ್ನೇ ಪ್ರತ್ಯೇಕ ಪಾಠವಾಗಿ ಕಲಿಸಿದ್ದು ಸುಮ್ಮನಲ್ಲ.

ಗುಡ್ಡದ ಲೆಕ್ಕ ಇನ್ನೂ ಕಠಿಣ. ಕೊಪ್ಪಳದ ಮೇಲ್ಕೋಟೆ ಬಯಲಿನಿಂದ ಸುಮಾರು 400 ಅಡಿ ಎತ್ತರದಲ್ಲಿದೆ. ಕೆಳಗಿನಿಂದ ಓರೆಯಾಗಿ 300 ಗಜ, ಅಂದರೆ 900 ಅಡಿ ದೂರದ ಗೋಡೆಯತ್ತ ಗುರಿಯಿಟ್ಟರೆ ಮಟ್ಟಸ ದೂರ ಬರೀ 806 ಅಡಿ, ಹತ್ತಿರ ಹತ್ತಿರ 270 ಗಜ. ಗುಂಡು ಎಷ್ಟು ಬಾಗಬೇಕೆಂಬುದನ್ನು ನಿರ್ಧರಿಸುವುದು ಈ ಮಟ್ಟಸ ದೂರ, ಓರೆ ದೂರವಲ್ಲ. ಪಟ್ಟಿಯನ್ನು 300ಕ್ಕೆ ಏರಿಸಿದವನ ಗುಂಡು ಗುರಿಯಿಟ್ಟ ಜಾಗಕ್ಕಿಂತ ಮೇಲೆ ಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಹೊಡೆದರೂ ಅದೇ ತಪ್ಪು. ಗಂಗಾವತಿಯ ಆನೆಗೊಂದಿ ಗುಡ್ಡಗಳಲ್ಲಿ ಬಂಡೆಯ ಮರೆ ಬೇರೆ. ಅಲ್ಲಿ ಕಣ್ಣಿಗೆ ಬೀಳುವುದು ಮನುಷ್ಯನ ತಲೆಯಷ್ಟೇ, ತಪ್ಪಿಗೆ ಇರುವ ಅವಕಾಶ ಇನ್ನೂ ಕಿರಿದು.

ಬಂದೂಕಿನಿಂದಲೇ ಚರಿತ್ರೆ ಬರೆಯುವವರು ಕೇಳಬೇಕಾದ ಮೊದಲ ಪ್ರಶ್ನೆ ಯಾವ ಸಿಪಾಯಿಯ ಕೈಯಲ್ಲಿ ಯಾವ ಬಂದೂಕು ಇತ್ತೆಂಬುದು. 1857ರಲ್ಲಿ ಕಂಪನಿಯ ಅನೇಕ ಪಡೆಗಳು ಇನ್ನೂ ತೋಡಿಲ್ಲದ ಬಂದೂಕನ್ನೇ ಹೊತ್ತಿದ್ದವು. ಇದನ್ನು ಕೇಳದೆ 'ರೈಫಲ್ಲಿನ ಮುಂದೆ ಬತ್ತಿ ಬಂದೂಕು' ಎಂದು ಬರೆಯುವುದು ಭೀಮರಾಯನ ಸೋಲನ್ನು ಕಬ್ಬಿಣದ ತುಂಡೊಂದಕ್ಕೆ ವಹಿಸಿ ಕೈತೊಳೆದುಕೊಂಡಂತೆ. 1791ರ ಏಪ್ರಿಲ್‌ನಲ್ಲಿ ಕೊಪ್ಪಳದ ಕೋಟೆಯಲ್ಲಿದ್ದ ಟಿಪ್ಪುವಿನ ಕಾವಲುಪಡೆ ಶರಣಾದದ್ದೂ ಬೆಂಗಳೂರು ಬಿದ್ದ ಮೇಲೆಯೇ. ಟಿಪ್ಪುವಿನ ಪಡೆಗೆ ಹಿಂದೆ ಒಂದು ರಾಜ್ಯವಿತ್ತು; ಭೀಮರಾಯನಿಗೆ ಇರಲಿಲ್ಲ. ಎರಡು ಮುತ್ತಿಗೆಗಳ ಅಂತರವನ್ನು ಹುಡುಕಬೇಕಾದದ್ದು ಇಲ್ಲಿ.

ಎನ್‌ಫೀಲ್ಡ್‌ಗೆ ಸಲ್ಲಬೇಕಾದ ಮನ್ನಣೆ ತೋಡಿಗೆ ಮತ್ತು ಒಂದೇ ಅಳತೆಯ ಕಾಡತೂಸಿಗೆ, 900 ಗಜದ ಗುರುತಿಗಲ್ಲ. ಬ್ರಿಟಿಷರಿಗೆ ತೋಡಿನ ಬೆಲೆ ಸರಿಯಾಗಿ ಗೊತ್ತಿತ್ತು. ದಂಗೆಯ ನಂತರ ಭಾರತೀಯ ಸಿಪಾಯಿಗಳಿಗೆ ಅವರು ಕೊಟ್ಟದ್ದು ಹೊರಗಿನಿಂದ ಎನ್‌ಫೀಲ್ಡ್‌ನಂತೆಯೇ ಕಾಣುವ, ಆದರೆ ತೋಡಿಲ್ಲದ ನುಣುಪು ನಳಿಗೆಯ ಬಂದೂಕನ್ನು.