ಗೋಡೆಗೆ ಹೊಂದುವ ಯುದ್ಧ

ನೆಪೋಲಿಯನ್ನನ ಯುದ್ಧಗಳು ಇಂದು ಮೂರಡಿ ಅಗಲದ ಚೌಕಟ್ಟಿನಲ್ಲಿ ಸಿಗುತ್ತವೆ. ಮುದ್ರಿಸಿದ್ದಲ್ಲ, ಕುಂಚ ಹಿಡಿದ ಮನುಷ್ಯನೊಬ್ಬ ಎಣ್ಣೆಬಣ್ಣದಲ್ಲಿ ಕೈಯಾರೆ ಬಿಡಿಸಿದ ಪ್ರತಿಗಳು. ಗಿರಾಕಿ ಚಿತ್ರವನ್ನು ಆರಿಸಿ, ಸೋಫಾದ ಹಿಂದಿನ ಗೋಡೆಗೆ ಹೊಂದುವ ಅಳತೆ ಹೇಳಿದರೆ ಸಾಕು, ಯುದ್ಧ ಮನೆಗೆ ಬರುತ್ತದೆ.

ಈ ವ್ಯಾಪಾರಕ್ಕೆ ಹೆಸರಾದ ಊರು ಚೀನಾದ ಶೆಂಝೆನ್ ನಗರದ ದಾಫೆನ್. 1989ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಹ್ವಾಂಗ್ ಜಿಯಾಂಗ್ ಎಂಬ ವ್ಯಾಪಾರಿ ಕೆಲವು ಚಿತ್ರಗಾರರೊಂದಿಗೆ ಇಲ್ಲಿ ಕೆಲಸ ಆರಂಭಿಸಿದರು. ಮುಂದೆ ಸಾವಿರಾರು ಮಂದಿಗೆ ಇದೇ ಜೀವನೋಪಾಯವಾಯಿತು. ಅವರಲ್ಲಿ ಹೆಚ್ಚಿನವರು ಮೂಲ ಚಿತ್ರವನ್ನು ಕಣ್ಣಾರೆ ಕಂಡವರಲ್ಲ, ಮುದ್ರಿತ ಚಿತ್ರವನ್ನು ಎದುರಿಗಿಟ್ಟು ದುಡಿದವರು. 2008ರ ಆರ್ಥಿಕ ಕುಸಿತದ ನಂತರ ಪಶ್ಚಿಮದ ಬೇಡಿಕೆ ತಗ್ಗಿ, ಊರು ಸ್ವದೇಶದ ಮಾರುಕಟ್ಟೆಯತ್ತ ಮುಖ ಮಾಡಿತು.

ಇವರನ್ನು ‘ನಕಲು ಮಾಡುವವರು’ ಎಂದು ಹೀಯಾಳಿಸುವವರ ಜೊತೆ ನಾವಿಲ್ಲ. ಲಿಯೊನಾರ್ಡೊ ಫ್ಲಾರೆನ್ಸಿನಲ್ಲಿ ಅರ್ಧಕ್ಕೇ ಬಿಟ್ಟ ‘ಆಂಗಿಯಾರಿ ಯುದ್ಧ’ ಹೇಗಿತ್ತೆಂದು ಇಂದು ನಮಗೆ ತಿಳಿದಿರುವುದು ಇತರರು ಮಾಡಿಟ್ಟ ಪ್ರತಿಗಳಿಂದಲೇ. ನೆಪೋಲಿಯನ್ ಆಲ್ಪ್ಸ್ ದಾಟುವ ಚಿತ್ರವನ್ನು ದಾವಿದ್ 1801ರಿಂದ 1805ರ ನಡುವೆ ಐದು ಬಾರಿ ಬಿಡಿಸಿಕೊಟ್ಟ. ಯುದ್ಧವನ್ನು ಮತ್ತೆ ಮತ್ತೆ ಬಿಡಿಸಿ ಹಂಚುವುದನ್ನು ದಾಫೆನ್ ಕಂಡುಹಿಡಿಯಲಿಲ್ಲ, ಅರಮನೆಗಳು ಮೊದಲೇ ಕಲಿತಿದ್ದವು.

ನಮ್ಮ ತಕರಾರು ಅಳತೆಯ ಬಗ್ಗೆ.

ಗ್ರೋ ಎಂಬ ಚಿತ್ರಕಾರನ ‘ಐಲೌ ರಣರಂಗದಲ್ಲಿ ನೆಪೋಲಿಯನ್’ ಚಿತ್ರವನ್ನು ನೋಡೋಣ. 1807ರ ಫೆಬ್ರವರಿ 7 ಮತ್ತು 8ರಂದು ಹಿಮದ ನಡುವೆ ಫ್ರೆಂಚರಿಗೂ ರಷ್ಯನ್ನರಿಗೂ ನಡೆದ ಈ ಕಾಳಗದಲ್ಲಿ ಯಾರೂ ಸ್ಪಷ್ಟವಾಗಿ ಗೆಲ್ಲಲಿಲ್ಲ, ಸತ್ತವರು ಮಾತ್ರ ಲೆಕ್ಕವಿಲ್ಲದಷ್ಟು. ಚಕ್ರವರ್ತಿಯ ಕರುಣೆಯನ್ನು ತೋರಿಸುವ ಚಿತ್ರ ಬೇಕೆಂದು ಸರ್ಕಾರವೇ ಸ್ಪರ್ಧೆ ಏರ್ಪಡಿಸಿತು. ಗೆದ್ದ ಗ್ರೋ 1808ರಲ್ಲಿ ಪ್ರದರ್ಶಿಸಿದ ಕ್ಯಾನ್ವಾಸು ಸುಮಾರು 17 ಅಡಿ ಎತ್ತರ, 26 ಅಡಿ ಅಗಲವಿದೆ. ನಡುವೆ ಕುದುರೆಯ ಮೇಲೆ ಕೈಯೆತ್ತಿದ ನೆಪೋಲಿಯನ್. ಕೆಳಗಂಚಿನಲ್ಲಿ, ನೋಡುವವರಿಗೆ ತೀರ ಹತ್ತಿರದಲ್ಲಿ, ಹಿಮ ಕವಿದ ಹೆಣಗಳು. ಅವು ನಿಜ ಮನುಷ್ಯರಿಗಿಂತಲೂ ದೊಡ್ಡವು. ಲೂವ್ರ್ ಸಂಗ್ರಹಾಲಯದಲ್ಲಿ ಈ ಚಿತ್ರದ ಎದುರು ನಿಂತವರು ಚಕ್ರವರ್ತಿಯನ್ನು ತಲುಪಬೇಕಾದರೆ ಕಣ್ಣು ಮೊದಲು ಆ ಹೆಣಗಳನ್ನು ದಾಟಬೇಕು. ಸರ್ಕಾರ ಕೇಳಿದ ಕರುಣೆಯನ್ನು ಚಿತ್ರಕಾರ ಕೊಟ್ಟ, ಆದರೆ ಅದರ ಬೆಲೆಯನ್ನೂ ಮುಂದಿಟ್ಟ.

ಇದನ್ನೇ ಮೂರಡಿಗೆ ಇಳಿಸಿದರೆ ಏನಾಗುತ್ತದೆ? ಎಲ್ಲವೂ ಎಂಟು ಪಟ್ಟಿಗಿಂತ ಹೆಚ್ಚು ಕುಗ್ಗುತ್ತದೆ. ನಡುವಿನ ಕುದುರೆ ಕುದುರೆಯಾಗಿಯೇ ಉಳಿಯುತ್ತದೆ, ಹೆಣಗಳು ಮಾತ್ರ ಚೌಕಟ್ಟಿನ ಅಂಚಿನ ಕಪ್ಪು ಅಲಂಕಾರವಾಗುತ್ತವೆ. ಪ್ರತಿ ಮಾಡಿದವನು ಒಂದು ಗೆರೆಯನ್ನೂ ತಪ್ಪಿಸಿರಲಾರ. ಆದರೂ ಸತ್ತವರು ಚಿತ್ರದಿಂದ ಹೊರಬಿದ್ದಿರುತ್ತಾರೆ.

ಎಲ್ಲ ಯುದ್ಧಚಿತ್ರಗಳ ಗತಿಯೂ ಇದೇ ಅಲ್ಲ. ಅದೇ ನೆಪೋಲಿಯನ್ನನ ಸೈನಿಕರು ಮ್ಯಾಡ್ರಿಡ್‌ನಲ್ಲಿ ಬಂಡೆದ್ದವರನ್ನು ಗುಂಡಿಟ್ಟು ಕೊಂದದ್ದನ್ನು ಗೋಯಾ 1814ರಲ್ಲಿ ‘1808ರ ಮೇ ಮೂರು’ ಎಂಬ ಚಿತ್ರದಲ್ಲಿ ಬಿಡಿಸಿದ. ಕೊಲ್ಲುವವರ ಮುಖ ಅಲ್ಲಿ ಕಾಣುವುದಿಲ್ಲ. ನೆಲದ ಮೇಲಿನ ಲಾಂದ್ರದ ಬೆಳಕೆಲ್ಲ ಕೈಗಳನ್ನು ಚಾಚಿ ನಿಂತ ಬಿಳಿ ಅಂಗಿಯವನ ಮೇಲೆ. ಅಂಚೆ ಕಾರ್ಡಿನಷ್ಟು ಕುಗ್ಗಿಸಿದರೂ ಆ ಅಂಗಿ ಕಣ್ಣಿಗೆ ರಾಚುತ್ತದೆ. ಸಾಯುವವನನ್ನು ಎದ್ದು ಕಾಣಿಸಲೆಂದೇ ಕಟ್ಟಿದ ಚಿತ್ರವನ್ನು ಯಾವ ಅಳತೆಯೂ ಸುಳ್ಳಾಗಿಸಲಾರದು.

ಇದು ದೂರದ ಮಾತಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದಾಗಿ ನಲವತ್ತು ವರ್ಷಗಳ ಮೇಲೆ, 1839ರಲ್ಲಿ, ಡೇವಿಡ್ ವಿಲ್ಕಿ ಎಂಬ ಸ್ಕಾಟ್ಲೆಂಡಿನ ಚಿತ್ರಕಾರ ಟಿಪ್ಪು ಸುಲ್ತಾನರ ಶವವನ್ನು ಜನರಲ್ ಬೇರ್ಡ್ ಪತ್ತೆಹಚ್ಚಿದ ಗಳಿಗೆಯನ್ನು ಬಿಡಿಸಿದ. ಕೇಳಿದವರು ಬೇರ್ಡ್‌ನ ವಿಧವೆ. ಈ ಕ್ಯಾನ್ವಾಸಿನ ಅಳತೆ ಹೆಚ್ಚುಕಡಿಮೆ ಗೋಯಾನದ್ದೇ, ಆದರೆ ಗೋಯಾನದು ಅಡ್ಡಕ್ಕೆ, ಇದು ಉದ್ದಕ್ಕೆ. ಎತ್ತರದಲ್ಲಿ ಬೇರ್ಡ್ ನಿಂತಿದ್ದಾನೆ, ಕೆಳಗೆ ಸುಲ್ತಾನರ ದೇಹ ಬಿದ್ದಿದೆ. ಕೆತ್ತನೆಯ ಮುದ್ರಣಗಳಾಗಿ ಈ ಚಿತ್ರವೂ ಕುಗ್ಗಿ ಹರಡಿತು. ಅಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಎಷ್ಟು ಸಣ್ಣ ಪ್ರತಿಯಲ್ಲೂ ಅಳಿಯುವುದಿಲ್ಲ.

ಯುದ್ಧದ ಚಿತ್ರವನ್ನು ಮನೆಯಲ್ಲಿ ತೂಗುಹಾಕಲೇಬಾರದು ಎನ್ನುವಷ್ಟು ಬಿಗಿ ನಮ್ಮದಲ್ಲ. ಕೊಳ್ಳುವವರು ಕುದುರೆಯ ಮೇಲಿರುವವನಿಂದ ಕಣ್ಣು ತೆಗೆದು ಚಿತ್ರದ ಕೆಳಗಂಚನ್ನು ಒಮ್ಮೆ ನೋಡಲಿ ಎಂದಷ್ಟೇ ಕೇಳುತ್ತೇವೆ. ಆಸ್ಥಾನ ಗೆದ್ದವನನ್ನು ನೋಡಿತು, ಗಿರಾಕಿ ಬಣ್ಣವನ್ನು ನೋಡುತ್ತಾನೆ. ಸಣ್ಣ ಕುಂಚ ಹಿಡಿದು ಬಗ್ಗಿ, ಸತ್ತವರ ಮುಖಗಳನ್ನು ಒಂದೊಂದಾಗಿ ನೋಡಲೇಬೇಕಾದವನು ಆ ಹೆಸರಿಲ್ಲದ ಕೆಲಸಗಾರನೊಬ್ಬನೇ.