ತೂಕದ ಮುಳ್ಳು ಕದಲದಿದ್ದರೂ

ಹುರುಪಿನಿಂದ ಸೈಕಲ್ ಕೊಂಡವರು ತಿಂಗಳೊಳಗೆ ಅದನ್ನು ಮೂಲೆಗೆ ಒರಗಿಸುವುದಕ್ಕೆ ನಾನು ಕಂಡಂತೆ ಮಂಡಿನೋವಾಗಲಿ ಟ್ರಾಫಿಕ್ಕಾಗಲಿ ಕಾರಣವಲ್ಲ, ತೂಕದ ಯಂತ್ರ. 'ಇಷ್ಟು ತುಳಿದರೂ ಅರ್ಧ ಕೆಜಿ ಇಳಿದಿಲ್ಲ ಸ್ವಾಮಿ!' ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಫ್ಯಾಟಿ ಲಿವರ್' ಎಂದು ಬರೆಸಿಕೊಂಡು ಬಂದವರಂತೂ ಇನ್ನೂ ಬೇಗ ಕೈಚೆಲ್ಲುತ್ತಾರೆ.

ಅಂಥವರಿಗೆ ನಾನು ಸಿಡ್ನಿಯ ಕತೆ ಹೇಳುತ್ತೇನೆ. ಅಲ್ಲಿನ ವಿಶ್ವವಿದ್ಯಾಲಯದ ನೇಥನ್ ಜಾನ್ಸನ್ ಮತ್ತು ಸಂಗಡಿಗರು ಬೊಜ್ಜಿದ್ದ, ವ್ಯಾಯಾಮದ ರೂಢಿಯೇ ಇಲ್ಲದ 19 ಮಂದಿಯನ್ನು ಆರಿಸಿಕೊಂಡರು. ಕೆಲವರಿಗೆ ನಿಂತಲ್ಲೇ ತುಳಿಯುವ ಸೈಕಲ್, ವಾರಕ್ಕೆ ಮೂರು ದಿನ, 30ರಿಂದ 45 ನಿಮಿಷ. ಉಳಿದವರಿಗೆ ಬರೀ ಮೈಕೈ ಚಾಚುವ ಕಸರತ್ತು. ನಾಲ್ಕು ವಾರ ಕಳೆದರೂ ತುಳಿದವರ ತೂಕ ಇದ್ದಲ್ಲೇ ಇತ್ತು. ಆದರೆ ಎಂಆರ್‌ಐ ಯಂತ್ರದಲ್ಲಿ ಅಳೆದಾಗ ಲಿವರಿನ ಕೊಬ್ಬು ಶೇ. 21ರಷ್ಟು, ಹೊಟ್ಟೆಯೊಳಗಿನ ಕೊಬ್ಬು ಶೇ. 12ರಷ್ಟು ಇಳಿದಿತ್ತು. ವರದಿ ಪ್ರಕಟವಾದದ್ದು 2009ರಲ್ಲಿ.

ಲೆಕ್ಕ ಸರಿಯಾಗಿ ಹಿಡಿಯಬೇಕು: ಲಿವರಿನಲ್ಲಿ ಶೇ. 10ರಷ್ಟು ಕೊಬ್ಬಿದ್ದರೆ ಅದು ಸುಮಾರು ಶೇ. 8ಕ್ಕೆ ಇಳಿದಂತೆ, ಅಷ್ಟೇ. ಲಿವರಿನಲ್ಲಿ ಶೇ. 5ಕ್ಕಿಂತ ಹೆಚ್ಚು ಕೊಬ್ಬಿದ್ದರೆ ಫ್ಯಾಟಿ ಲಿವರ್ ಎನ್ನುತ್ತಾರಾದ್ದರಿಂದ ಎಂಟಕ್ಕಿಳಿದವರೂ ಪಾರಾದಂತಲ್ಲ. ಆದರೂ ಒಂದು ತಿಂಗಳಿಗೆ, ಒಂದು ತುತ್ತು ಕಡಿಮೆ ಮಾಡದೆ, ಇದು ಸಣ್ಣ ಸಂಗತಿಯಲ್ಲ.

ತೂಕ ಇಳಿಯದೆ ಲಿವರಿನ ಕೊಬ್ಬು ಇಳಿಯುವುದು ಹೇಗೆ? ಕರುಳಿನ ಸುತ್ತ ಕೂತ ಕೊಬ್ಬಿನಿಂದ ಹೊರಟ ಕೊಬ್ಬಿನಾಮ್ಲ ಪೋರ್ಟಲ್ ರಕ್ತನಾಳ ಹಿಡಿದು ನೇರ ಲಿವರಿಗೇ ಹೋಗುತ್ತದೆ. ಸೋಮಾರಿ ಸ್ನಾಯು ತೆಗೆದುಕೊಳ್ಳದ ಸಕ್ಕರೆಯನ್ನೂ ಲಿವರೇ ಕೊಬ್ಬಾಗಿ ಮಾರ್ಪಡಿಸಬೇಕು. ತೊಡೆ ದುಡಿಯತೊಡಗಿದರೆ ಸಕ್ಕರೆ ಅಲ್ಲಿ ಉರಿಯುತ್ತದೆ, ಇನ್ಸುಲಿನ್ ಅಬ್ಬರ ತಗ್ಗುತ್ತದೆ, ಎರಡು ಕಡೆಯ ಹೊರೆಯೂ ಇಳಿಯುತ್ತದೆ.

ನಂದಿಬೆಟ್ಟ ಹತ್ತದವನು ಸೈಕಲ್‌ಗಾರನೇ ಅಲ್ಲ ಎನ್ನುವ ಬೆಂಗಳೂರಿನ ಶೂರರಿಗೆ ರುಚಿಸದ ಮಾತೊಂದಿದೆ. 2015ರಲ್ಲಿ ಸಿಡ್ನಿಯವರೇ ಬಿರುಸಿನ ತುಳಿತ, ನಿಧಾನದ ದೀರ್ಘ ತುಳಿತ, ನಿಧಾನದ ಅಲ್ಪ ತುಳಿತಗಳನ್ನು ಹೋಲಿಸಿದರು. ಲಿವರಿನ ಕೊಬ್ಬು ಮೂರರಲ್ಲೂ ಇಳಿಯಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ವೇಗವೇ ನನಗೆ ಇಷ್ಟ. ಸವಾರಿಯ ಸೊಗಸೂ ಅಲ್ಲೇ ಇರುವುದು.

ಸವಾರಿ ಮುಗಿಸಿ ಬೆಣ್ಣೆ ಮಸಾಲೆ ದೋಸೆಗೆ ಸಾಲು ನಿಲ್ಲುವ ನಮ್ಮ ಗುಂಪುಗಳ ತೂಕ ಏಕೆ ಇಳಿಯುವುದಿಲ್ಲ ಎಂಬುದು ರಹಸ್ಯವೇನಲ್ಲ. ಲಿವರಿನಲ್ಲಿ ಆಗಲೇ ಉರಿಯೂತ ಶುರುವಾಗಿದ್ದರೆ ಮಾತ್ರ ತೂಕ ಇಳಿಯದಿದ್ದರೂ ಸರಿ ಎನ್ನುವ ಸಲಿಗೆ ಇಲ್ಲ. ಆಗ ವೈದ್ಯರು ಕೇಳುವುದು ಶೇ. 7ರಿಂದ 10ರಷ್ಟು ತೂಕ ಇಳಿಕೆ. ಅದು ತಟ್ಟೆಯ ಕಡೆ ನೋಡದೆ ಆಗದು. ತುಳಿಯುವುದನ್ನು ಬಿಟ್ಟವರಿಗೆ ಕೊಬ್ಬು ಮರಳುತ್ತದೆ ಎಂಬುದೂ ನಿಜ.

ಭಾರದ ಮೈಯವರಿಗೆ ನಡಿಗೆಗಿಂತ ಸೈಕಲ್ ಒಳ್ಳೆಯದೆಂದು ನಾನು ಹಟ ಹಿಡಿಯುವುದು ಮಂಡಿಯ ಸಲುವಾಗಿ: ಮೈಭಾರವನ್ನು ಸೀಟು ಹೊರುತ್ತದೆ. ಆದರೆ ಕಾಲು ನೆಲಕ್ಕೆ ಊರಲಿ ಎಂದು ಅಂಗಡಿಯವರು ಸೀಟನ್ನು ತೀರ ತಗ್ಗಿಸಿಯೇ ಕೊಡುತ್ತಾರೆ. ಪೆಡಲ್ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರುವಷ್ಟು ಅದನ್ನು ಎತ್ತರಿಸಿಕೊಳ್ಳಿ.