ಗಿಳಿ ಕೊಳ್ಳುವವರ ಸಾಹಿತ್ಯ

ಯಾವ ಮನೆಗೆ ಯಾವ ಗಿಳಿ ಒಪ್ಪುತ್ತದೆ, ಯಾವ ಕಿಸೆಗೆ ಯಾವುದು ಎಟುಕುತ್ತದೆ ಎಂದು ತಿಳಿಸಿಕೊಡುವ ಬರಹಗಳಿಗೆ ಈಚಿನ ವರ್ಷಗಳಲ್ಲಿ ಒಂದು ಬಗೆಯ ಮರ್ಯಾದೆ ಬಂದಿದೆ. ಪುರವಣಿಯ ಮೂಲೆಯಿಂದ ಹಿಡಿದು ಅಂಗಡಿಯ ಕೈಪತ್ರದವರೆಗೆ ಹರಿದಾಡುವ ಈ ಪ್ರಕಾರವನ್ನು ಪಕ್ಷಿಪ್ರೇಮದ ಬರವಣಿಗೆಯೆಂದೇ ಎಣಿಸುವ ರೂಢಿಯೂ ಬೆಳೆದಿದೆ. ಈ ಎಣಿಕೆ ತಪ್ಪು. ಕೊಳ್ಳುವವನ ಮನೆಯ ಅಳತೆ, ಅವನ ಬಿಡುವು, ಅವನ ಸಂಬಳ, ಅಕ್ಕಪಕ್ಕದವರ ತಾಳ್ಮೆ, ಇಷ್ಟನ್ನು ಕೇಳಿಕೊಂಡು ಅವನಿಗೊಂದು ಹಕ್ಕಿಯನ್ನು ಹೊಂದಿಸಿಕೊಡುವ ಈ ಬರಹಗಳು ಗಿರಾಕಿಯನ್ನು ಅಳೆಯುತ್ತವೆಯೇ ಹೊರತು ಹಕ್ಕಿಯನ್ನು ಅರಿಯುವುದಿಲ್ಲ; ವರನಿಗೆ ತಕ್ಕ ವಧುವನ್ನು ಹುಡುಕುವ ದಲ್ಲಾಳಿಯ ಜಾಣ್ಮೆ ಇವುಗಳಲ್ಲಿದೆ, ವಧುವಿನ ಮಾತನ್ನು ಕೇಳುವ ವ್ಯವಧಾನವಿಲ್ಲ.

ಕನ್ನಡದಲ್ಲಿ ಈ ಕೊರತೆಗೆ ಒಂದು ಹಿನ್ನೆಲೆಯೂ ಇದೆ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕದಂಥವು ಓದುಗರಿಗೆ ಬಯಲಿನ ಹಕ್ಕಿಯನ್ನು ನೋಡುವುದನ್ನು ಕಲಿಸಿದವು. ಆದರೆ ಆಗಲೇ ಮನೆಯೊಳಗೆ ಬಂದು ಕೂತಿರುವ ಹಕ್ಕಿಯನ್ನು ನೋಡಿಕೊಳ್ಳುವುದು ಹೇಗೆಂಬ ಗದ್ಯ ಅದರ ಜೊತೆಗೆ ಬೆಳೆಯಲಿಲ್ಲ. ಆ ಜಾಗವನ್ನು ಹೊರದೇಶದ ಫ್ಲ್ಯಾಟು ಬದುಕಿಗೆಂದು ಬರೆದ ಸಲಹೆಗಳ ಅನುವಾದ ತುಂಬಿತು.

ಈ ಸಲಹೆಗಳ ಪೊಳ್ಳನ್ನು ತೋರಿಸಲು ಅವುಗಳಲ್ಲಿ ಪದೇಪದೇ ಬರುವ ಒಂದೇ ಒಂದು ಹೆಸರು ಸಾಕು: ‘ಲವ್ ಬರ್ಡ್ಸ್’. ಶಿವಮೊಗ್ಗ, ಭದ್ರಾವತಿಯ ಪೇಟೆಗಳಲ್ಲಿ, ಕರ್ನಾಟಕದ ಬಹುಪಾಲು ಊರುಗಳಲ್ಲಿರುವಂತೆಯೇ, ಈ ಹೆಸರಿನಲ್ಲಿ ಮಾರಾಟವಾಗುವುದು ಲವ್ ಬರ್ಡ್ ಅಲ್ಲ, ಬಡ್ಜಿ; ಅಂದರೆ ಆಸ್ಟ್ರೇಲಿಯದ ಒಣಸೀಮೆಯಿಂದ ಬಂದ, ಹಸಿರು, ಹಳದಿ, ನೀಲಿ ಬಣ್ಣಗಳಲ್ಲಿ ಸಿಗುವ, ಉದ್ದ ಬಾಲದ ಗೇಣುದ್ದದ ಗಿಳಿ. ನಿಜವಾದ ಲವ್ ಬರ್ಡ್ ಆಫ್ರಿಕ ಖಂಡದ್ದು, ಮೋಟು ಬಾಲದ್ದು, ದಪ್ಪ ಕೊಕ್ಕಿನದು, ಜಗಳದ ಸ್ವಭಾವದ್ದು. ಬಡ್ಜಿಗಳ ಜೊತೆಗೆ ಒಂದೇ ಗೂಡಿನಲ್ಲಿ ಬಿಟ್ಟರೆ ಬಡ್ಜಿಯ ಕಾಲನ್ನೇ ಕಚ್ಚಿ ಊನಮಾಡಬಲ್ಲದು. ಸಲಹೆಗಾರರು ‘ಆರಂಭಿಕರಿಗೆ ಲವ್ ಬರ್ಡ್ಸ್ ಸೂಕ್ತ’ ಎಂದು ಬರೆಯುವಾಗ ಇವೆರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆಂದು ವಾಕ್ಯದಿಂದ ತಿಳಿಯುವುದಿಲ್ಲ, ಬರೆದವರಿಗೆ ತಿಳಿದಿತ್ತೆಂಬ ಭರವಸೆಯೂ ಹುಟ್ಟುವುದಿಲ್ಲ.

ಇದು ಬರೀ ಹೆಸರಿನ ತಕರಾರಾಗಿದ್ದರೆ ನಕ್ಕು ಬಿಡಬಹುದಿತ್ತು. ಕಾಕಟೀಲ್ ಎಂಬ ಜುಟ್ಟಿನ ಗಿಳಿಯನ್ನು ಪೇಟೆ ‘ಕಾಕ್‌ಟೈಲ್’ ಎಂದು ಕರೆದು ಬಾರಿನ ಪಟ್ಟಿಗೆ ಸೇರಿಸಿದ್ದನ್ನು ನಕ್ಕು ಬಿಟ್ಟಂತೆಯೇ. ಆದರೆ ಇಲ್ಲಿ ಹೆಸರಿನ ಹಿಂದೆ ಕಾನೂನು ನಿಂತಿದೆ. ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ‘ಸೈಟಿಸ್’ ಎಂಬ ಒಪ್ಪಂದ ಗಿಳಿಗಳ ಇಡೀ ಕುಲವನ್ನೇ ತನ್ನ ಪಟ್ಟಿಗಳಲ್ಲಿ ಸೇರಿಸಿಕೊಂಡು ನಾಲ್ಕನ್ನು ಮಾತ್ರ ಹೊರಗಿಟ್ಟಿದೆ: ಬಡ್ಜಿ, ಕಾಕಟೀಲ್, ಲವ್ ಬರ್ಡ್‌ಗಳಲ್ಲಿ ಗುಲಾಬಿ ಮುಖದ ಒಂದು ಜಾತಿ ಮತ್ತು ನಮ್ಮ ತೋಟ ಗದ್ದೆಗಳಲ್ಲೆಲ್ಲ ಕಿರುಚುತ್ತ ಹಾರುವ ಕೊರಳಪಟ್ಟಿಯ ಹಸಿರು ಗಿಳಿ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಈ ಸೈಟಿಸ್ ಪಟ್ಟಿಯನ್ನು ಕಾಯ್ದೆಯ ನಾಲ್ಕನೆಯ ಅನುಸೂಚಿಯಾಗಿ ಒಳಗೆ ತಂದುಕೊಂಡಿತು. 2024ರ ನಿಯಮಗಳು ಅಂಥ ಜೀವಿಗಳನ್ನು ಇಟ್ಟುಕೊಂಡವರು ‘ಪರಿವೇಶ್’ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕೆಂದವು. ಹೀಗಾಗಿ ‘ಲವ್ ಬರ್ಡ್ಸ್’ ಎಂಬ ಒಂದೇ ಚೀಟಿಯ ಕೆಳಗೆ ಬಡ್ಜಿ ಇದ್ದರೆ ನೋಂದಣಿಯ ಗೊಡವೆಯಿಲ್ಲ, ಗುಲಾಬಿ ಮುಖದ್ದಿದ್ದರೂ ಇಲ್ಲ, ಕಣ್ಣಸುತ್ತ ಬಿಳಿಯ ಬಳೆಯಿರುವ ಫಿಶರ್ ಜಾತಿಯದಿದ್ದರೆ ಮಾತ್ರ ಇದೆ. ಕೊಳ್ಳುವವನಿಗೆ ಮೂರೂ ‘ಲವ್ ಬರ್ಡ್ಸ್’. ಬಣ್ಣ, ಬೆಲೆ, ಗದ್ದಲ, ಮಾತು ಎಂದು ಅಂಕಣ ಕೊರೆದು ಕೋಷ್ಟಕ ಮಾಡುವ ಸಲಹೆಗಾರರು ಈ ಒಂದು ಅಂಕಣಕ್ಕೆ ಜಾಗ ಕೊಡದಿರುವುದನ್ನು ಮರೆವೆಂದು ಕ್ಷಮಿಸುವುದು ಕಷ್ಟ.

ಇನ್ನೂ ವಿಚಿತ್ರವಾದುದು ನಾಲ್ಕನೆಯ ಹಕ್ಕಿಯ ಪಾಡು. ಲೋಕದ ಪಟ್ಟಿಯಿಂದ ಹೊರಗಿರುವ ಕೊರಳಪಟ್ಟಿಯ ಗಿಳಿಯನ್ನು ಭಾರತದೊಳಗೆ ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ, ಏಕೆಂದರೆ ಅದು ಈ ನೆಲದ ಕಾಡುಹಕ್ಕಿ ಮತ್ತು ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ. 2017ರಿಂದ ಸೈಟಿಸ್‌ನ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿರುವ ಆಫ್ರಿಕದ ಬೂದು ಗಿಳಿಯನ್ನಾದರೋ ಕಾಗದಪತ್ರ ಸರಿಯಿದ್ದರೆ ಭದ್ರಾವತಿಯ ಕ್ವಾರ್ಟರ್ಸಿನಲ್ಲೂ ಇಟ್ಟುಕೊಳ್ಳಬಹುದು. ಅಜ್ಜಿಯ ಮನೆಯ ಜಗುಲಿಯಲ್ಲಿ ತೂಗುತ್ತಿದ್ದ ‘ರಾಮ ರಾಮ’ ಎನ್ನುವ ಗಿಳಿ ಕಾನೂನಿನ ಕಣ್ಣಿಗೆ ಕಳವಿನ ಮಾಲು, ಕಾಂಗೋ ಕಾಡಿನ ಗಿಳಿಯ ಸಂತಾನ ಅಧಿಕೃತ ಒಡವೆ. ಈ ವೈಪರೀತ್ಯಕ್ಕೆ ಕಾರಣವಿಲ್ಲದಿಲ್ಲ, ದೇಶದ ಕಾಯ್ದೆ ಮೊದಲು ಕಾಯಬೇಕಾದುದು ದೇಶದ ಪೊಟರೆಗಳನ್ನು. ಆದರೆ ‘ಮಾತಾಡುವ ದೇಶಿ ಗಿಳಿ, ಕಡಿಮೆ ಖರ್ಚು’ ಎಂದು ಈಗಲೂ ಸಲಹೆ ಕೊಡುವವರು ಓದುಗನನ್ನು ಎಲ್ಲಿಗೆ ಕಳಿಸುತ್ತಿದ್ದಾರೆಂದು ಒಮ್ಮೆ ಯೋಚಿಸಬೇಕಿತ್ತು.

ಬಜೆಟ್ ಎಂಬ ಮಾತಿಗೂ ಇದೇ ಗತಿಯಾಗಿದೆ. ಸಲಹೆಗಳ ಲೆಕ್ಕ ಹಕ್ಕಿಯ ಬೆಲೆಯಿಂದ ಶುರುವಾಗುತ್ತದೆ: ಬಡ್ಜಿಯ ಜೋಡಿ ನೂರುಗಳಲ್ಲಿ, ಕಾಕಟೀಲ್ ಸಾವಿರಗಳಲ್ಲಿ, ಬೂದು ಗಿಳಿ ಹತ್ತಾರು ಸಾವಿರಗಳಲ್ಲಿ. ಈ ಲೆಕ್ಕಕ್ಕೆ ಎದುರಾಗಿ ಇಡಬಹುದಾದ ಬೇರೊಂದು ಲೆಕ್ಕ ಶಿವಮೊಗ್ಗದಿಂದ ಸಾಗರದ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್ ದೂರದ ತ್ಯಾವರೆಕೊಪ್ಪದಲ್ಲಿದೆ. 1988ರಲ್ಲಿ ಹುಲಿ ಸಿಂಹಗಳ ಧಾಮವಾಗಿ ಶುರುವಾಗಿ ಮೃಗಾಲಯವೂ ಆಗಿ ಬೆಳೆದ ಆ ಸಂಸ್ಥೆಯನ್ನು ಜನ ಹುಲಿ ನೋಡಲು ಹೋಗುವ ಜಾಗವೆಂದೇ ಬಲ್ಲರು. ಆದರೆ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಪ್ರಾಣಿ ದತ್ತು ಯೋಜನೆ, ಅಂದರೆ ಒಂದು ಪ್ರಾಣಿಯ ಪಾಲನೆಯ ಖರ್ಚನ್ನು ಸಾರ್ವಜನಿಕರು ವಹಿಸಿಕೊಳ್ಳುವ ಏರ್ಪಾಡು, ಅಲ್ಲಿಯೂ ಇದೆ. ಆ ಯೋಜನೆಯಲ್ಲಿ ಪ್ರಾಣಿಗೆ ಬೆಲೆಯಿಲ್ಲ, ಅದನ್ನು ಯಾರೂ ಕೊಳ್ಳುವುದಿಲ್ಲ. ಇರುವುದು ಒಂದು ವರ್ಷ ಅದನ್ನು ಸಾಕಲು ಬೇಕಾದ ಹಣ ಮಾತ್ರ. ಗಿಳಿ ಸಾಕುವ ವಿಷಯದಲ್ಲಿ ಇಡೀ ಜಿಲ್ಲೆಯಲ್ಲಿ ಸಿಗುವ ಅತ್ಯಂತ ಪ್ರಾಮಾಣಿಕವಾದ ಬರಹ ಯಾವುದೆಂದರೆ, ಅಲಂಕಾರವಿಲ್ಲದ ಆ ದತ್ತು ಪಟ್ಟಿ ಎನ್ನಬೇಕು. ಅಂಗಡಿಯ ಲೆಕ್ಕ ಒಂದು ಸಲಕ್ಕೆ, ಮೃಗಾಲಯದ ಲೆಕ್ಕ ವರ್ಷಕ್ಕೆ.

ವರ್ಷದ ಲೆಕ್ಕವನ್ನು ಹಿಡಿದು ಮನೆಗೆ ಬಂದರೆ ಚಿತ್ರ ಬದಲಾಗುತ್ತದೆ. ಒಂದು ಬಡ್ಜಿ ದಿನಕ್ಕೆ ಸುಮಾರು 8 ಗ್ರಾಂ ಕಾಳು ತಿನ್ನುತ್ತದೆಂದು ಇಟ್ಟುಕೊಂಡರೆ ಜೋಡಿಗೆ ವರ್ಷಕ್ಕೆ 6 ಕಿಲೋ ನವಣೆಯೂ ಬೇಕಾಗುವುದಿಲ್ಲ. ಹಕ್ಕಿ ಅಗ್ಗ ಎನ್ನುವವರು ಇಲ್ಲಿಗೆ ನಿಲ್ಲುತ್ತಾರೆ. ನವಣೆಯೊಂದನ್ನೇ ತಿಂದ ಗಿಳಿಗೆ ಎ ಜೀವಸತ್ವದ ಕೊರತೆಯಾಗುವುದರಿಂದ ದಿನವೂ ಸೊಪ್ಪು, ಕ್ಯಾರೆಟ್ಟು, ಮೊಳಕೆಕಾಳು ಬೇಕು, ಕಡಿಯಲು ಕಡಲಚಿಪ್ಪು ಬೇಕು, ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲಿ ಕಾಳು ಶೇಂಗಾಗಳಿಗೆ ಬೂಷ್ಟು ಹಿಡಿಯದಂತೆ ಡಬ್ಬಿಯಲ್ಲಿಟ್ಟು ಕಾಯಬೇಕು, ಏಕೆಂದರೆ ಆ ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ. ಇದರ ಮೇಲೆ ಆಯುಸ್ಸಿನ ಗುಣಾಕಾರ: ಬಡ್ಜಿಗೆ 5ರಿಂದ 10 ವರ್ಷ, ಕಾಕಟೀಲ್‌ಗೆ 15ರಿಂದ 20, ಬೂದು ಗಿಳಿಗೆ 40ರ ಮೇಲೆ. ನಲವತ್ತರ ವಯಸ್ಸಿನಲ್ಲಿ ಬೂದು ಗಿಳಿಯ ಮರಿ ತಂದವನು ಅದನ್ನು ಉಯಿಲಿನಲ್ಲಿ ಬರೆದಿಡಬೇಕಾಗುತ್ತದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವುದು ಇಲ್ಲಿನವರ ಅದೃಷ್ಟ, ಆದರೆ ಗಿಳಿ ತನ್ನ ಕಾಯಿಲೆಯನ್ನು ಮುಚ್ಚಿಡುವ ಜೀವಿ. ಬೇಟೆಗೆ ಗುರಿಯಾಗುವ ಪ್ರಾಣಿ ನಿತ್ರಾಣವನ್ನು ತೋರಿಸಿದರೆ ಉಳಿಯುವುದಿಲ್ಲವಾದ್ದರಿಂದ ಅದು ಪುಕ್ಕ ಉಬ್ಬಿಸಿಕೊಂಡು ಪಂಜರದ ತಳಕ್ಕೆ ಇಳಿದು ಕೂರುವ ಹೊತ್ತಿಗೆ ವೈದ್ಯರಿಗೆ ಉಳಿದಿರುವ ಸಮಯ ಬಹಳ ಕಡಿಮೆ.

ಜೀವನಶೈಲಿಯ ಮಾತು ಇನ್ನೂ ತೆಳುವಾದುದು. ಬೆಳಿಗ್ಗೆ ಹೋಗಿ ಸಂಜೆ ಬರುವ ಒಬ್ಬ ನೌಕರನನ್ನು ಮುಂದಿಟ್ಟುಕೊಂಡು ಬರೆದ ಸಲಹೆ, 1923ರಿಂದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಭದ್ರಾವತಿಯಂಥ ಊರಿನ ಪಾಳಿಯ ಮನೆಗೆ ಏನನ್ನೂ ಹೇಳುವುದಿಲ್ಲ. ಗಿಳಿಗೆ ರಾತ್ರಿ 10ರಿಂದ 12 ತಾಸು ಕತ್ತಲೆಯ ನಿದ್ದೆ ಬೇಕು. ರಾತ್ರಿಪಾಳಿ ಮುಗಿಸಿ ಬಂದವರು ಮಲಗುವ ಹೊತ್ತಿಗೇ ಅದು ಬೆಳಗಿನ ಕೂಗು ಹಾಕುತ್ತದೆ. ಊದುಬತ್ತಿ, ಕರ್ಪೂರ, ಸೊಳ್ಳೆಬತ್ತಿಗಳ ಹೊಗೆ, ಒಗ್ಗರಣೆಯ ಘಾಟು, ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ವಾಸನೆಯಿಲ್ಲದ ವಿಷಗಾಳಿ ಇವು ಹಕ್ಕಿಯ ಶ್ವಾಸಕೋಶಕ್ಕೆ ಎಂಥವೆಂಬುದನ್ನು ಹೇಳದೆ ‘ಹಾಲ್‌ನಲ್ಲಿ ಇಡಿ’ ಎಂದರೆ, ಅಡುಗೆಮನೆಗೂ ದೇವರಗೂಡಿಗೂ ಹಾಲ್‌ಗೂ ನಡುವೆ ಬಾಗಿಲೇ ಇಲ್ಲದ ಮನೆಯವರು ಏನು ಮಾಡಬೇಕು?

ನ್ಯಾಯಕ್ಕಾಗಿ ಒಂದು ಮಾತು ಸೇರಿಸಬೇಕು. ಏನನ್ನೂ ಓದದೆ ಜಾತ್ರೆಯಲ್ಲಿ ಕಂಡ ಹಕ್ಕಿಯನ್ನು ಮಗುವಿನ ಹಟಕ್ಕೆ ಕೊಂಡು ತರುವುದಕ್ಕಿಂತ ಈ ಸಲಹೆಗಳನ್ನು ಓದಿ ಕೊಳ್ಳುವುದು ಮೇಲು. ಒಂಟಿ ಬಡ್ಜಿ ಬೇಡ, ಜೋಡಿ ತನ್ನಿ ಎಂದು ಅವು ಹೇಳುವುದೂ ಸರಿಯೇ.

ಈ ಬರಹಗಳನ್ನು ಟೀಕಿಸುವ ಇನ್ನೊಂದು ಬಣವಿದೆ, ಅದರ ಜೊತೆಗೂ ಸಮ್ಮತಿ ಸಾಧ್ಯವಿಲ್ಲ. ಪಂಜರವೆಲ್ಲ ಒಂದೇ, ತ್ಯಾವರೆಕೊಪ್ಪದ್ದೂ ಪಂಜರವೇ, ಮನೆಯದೂ ಪಂಜರವೇ, ಬಾಗಿಲು ತೆರೆದುಬಿಡುವುದೊಂದೇ ದಯೆ ಎಂಬುದು ಇವರ ವಾದ. ಕೇಳಲು ಇಂಪಾದ ಈ ಮಾತಿನಲ್ಲಿ ಎರಡು ಅಜಾಗರೂಕತೆಗಳಿವೆ. ಮೃಗಾಲಯ ತನ್ನಲ್ಲಿ ಹುಟ್ಟಿದ್ದನ್ನೂ ಸತ್ತದ್ದನ್ನೂ ಬರೆದಿಟ್ಟು ಪ್ರತಿವರ್ಷ ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕದಲ್ಲಿ ಕುಂದಿದ್ದರೆ ಎತ್ತಿ ಕೇಳಬಹುದು, ಮನೆಯ ಪಂಜರದಲ್ಲಿ ಸತ್ತ ಬಡ್ಜಿಯ ಲೆಕ್ಕವನ್ನು ಕೇಳುವವರಿಲ್ಲ. ಎರಡನೆಯದಾಗಿ, ತಲೆಮಾರುಗಳಿಂದ ಗೂಡಿನಲ್ಲೇ ಹುಟ್ಟಿದ ನೀಲಿ ಬಡ್ಜಿಯನ್ನು ಶಿವಮೊಗ್ಗದ ಆಕಾಶಕ್ಕೆ ಬಿಡುವುದೆಂದರೆ ಕಾಗೆಗೋ ಬಿಜ್ಜುವಿಗೋ ಉಣಬಡಿಸಿದಂತೆ. ಬಿಡುಗಡೆಯ ಪುಣ್ಯಕ್ಕೆಂದು ಹಣ ಕೊಟ್ಟು ಕೊಂಡು ಹಾರಿಬಿಡುವವರಾದರೋ ಹಿಡಿಯುವವನಿಗೆ ಮುಂದಿನ ಕಸುಬನ್ನೇ ಕೊಟ್ಟಿರುತ್ತಾರೆ.

ದಯಾವಾದಿಗಳಿಗೂ ಸಲಹೆಗಾರರಿಗೂ ಒಂದು ಸಮಾನ ಮರೆವಿದೆ, ಅದು ಹಕ್ಕಿ ಬಂದ ದಾರಿಯ ಮರೆವು. ಈ ದಾರಿಯನ್ನು ಮರೆಯದ ಒಂದು ಕೃತಿ ಕನ್ನಡದಲ್ಲಿ ಸಾವಿರ ವರ್ಷದಷ್ಟು ಹಿಂದೆಯೇ ಇತ್ತು. ಬಾಣನ ಸಂಸ್ಕೃತ ‘ಕಾದಂಬರಿ’ಯನ್ನು ಒಂದನೆಯ ನಾಗವರ್ಮ ಚಂಪೂವಾಗಿ ಕನ್ನಡಕ್ಕೆ ತಂದ ‘ಕರ್ಣಾಟಕ ಕಾದಂಬರಿ’ಯಲ್ಲಿ ಶೂದ್ರಕನ ಆಸ್ಥಾನಕ್ಕೆ ಪಂಜರದಲ್ಲಿ ಬರುವ ವೈಶಂಪಾಯನನೆಂಬ ಗಿಳಿ, ತನ್ನ ಪಾಂಡಿತ್ಯವನ್ನು ಮೆರೆದ ಬಳಿಕ ಹೇಳುವುದು ತಾನು ಆ ಪಂಜರಕ್ಕೆ ಬಂದ ಬಗೆಯನ್ನು. ಬೇಟೆ ಸಿಗದ ಮುದಿ ಬೇಡನೊಬ್ಬ ಬೂರುಗದ ಮರವನ್ನೇರಿ ಪೊಟರೆ ಪೊಟರೆಗೆ ಕೈಹಾಕಿ ಮರಿಗಳನ್ನು ಕೊಂದು ಕೆಳಗೆ ಎಸೆಯುವುದು, ಮುದಿ ತಂದೆ ರೆಕ್ಕೆಯ ಮರೆಯಲ್ಲಿ ಮರಿಯನ್ನು ಅಡಗಿಸಿಕೊಂಡು ಸಾಯುವುದು, ಆ ಮರಿ ತರಗೆಲೆಯ ರಾಶಿಯ ಮೇಲೆ ಬಿದ್ದು ಉಳಿಯುವುದು. ಕಥೆಯೊಳಗಣ ಕಥೆ, ನಿರೂಪಕನೊಳಗಣ ನಿರೂಪಕ ಎಂದು ತಂತ್ರದ ಚರ್ಚೆಯಲ್ಲೇ ದಣಿದ ವಿಮರ್ಶೆ ಈ ಮರ ಹತ್ತುವ ಭಾಗವನ್ನು ಕರುಣರಸದ ಮಾದರಿಯೆಂದು ಗುರುತುಹಾಕಿ ಮುಂದೆ ಹೋಗುತ್ತದೆ. ಅದು ಮಾದರಿಯಲ್ಲ, ವರದಿ. ಚಳಿಗಾಲ ಕಳೆದು ಬೇಸಗೆ ಏರುವ ತಿಂಗಳುಗಳಲ್ಲಿ ಕೊರಳಪಟ್ಟಿಯ ಗಿಳಿ ಪೊಟರೆಯಲ್ಲಿ ಮರಿಮಾಡುತ್ತದೆ, ಕದಿಯುವವನ ಕೈ ಇಂದಿಗೂ ಆ ಪೊಟರೆಗೇ ಹೋಗುತ್ತದೆ; ಹೆಣ್ಣೋ ಗಂಡೋ ತಿಳಿಯದ, ಕೊರಳಪಟ್ಟಿ ಮೂಡಲು ಇನ್ನೂ ಎರಡು ಮೂರು ವರ್ಷ ಬೇಕಾದ ಆ ಮರಿಯನ್ನು ‘ಗಂಡು, ಚೆನ್ನಾಗಿ ಮಾತಾಡುತ್ತದೆ’ ಎಂದು ಮಾರುವುದೂ ನಡೆದೇ ಇದೆ. ಗಿಳಿಯ ಬಾಯಲ್ಲೇ ಅದರ ಜನ್ಮವೃತ್ತಾಂತವನ್ನು ಹೇಳಿಸಿದ ಕವಿಗೆ ಇದ್ದ ಕುತೂಹಲ, ಜೀವನಶೈಲಿಯ ಕೋಷ್ಟಕ ಬರೆಯುವವರಿಗೆ ಇಲ್ಲ.

ಗೂಡಿನಲ್ಲಿ ಹುಟ್ಟಿದ ಹಕ್ಕಿಗೂ ಜನ್ಮವೃತ್ತಾಂತವಿರುತ್ತದೆ, ಅದನ್ನು ಓದುವ ಬಗೆಯನ್ನು ಸಲಹೆಗಳು ಕಲಿಸಬಹುದಿತ್ತು. ಬಡ್ಜಿಯ ಮರಿಗೆ ತಲೆಯ ಕಪ್ಪು ಗೆರೆಗಳು ಕೊಕ್ಕಿನ ಬುಡದವರೆಗೂ ಇಳಿದಿರುತ್ತವೆ, ಮೂರು ನಾಲ್ಕು ತಿಂಗಳಿಗೆ ಹಣೆ ಬೋಳಾಗುತ್ತದೆ. ಕೊಕ್ಕಿನ ಮೇಲಿನ ತೊಗಲು ಬಲಿತ ಗಂಡಿಗೆ ನೀಲಿ, ಹೆಣ್ಣಿಗೆ ಕಂದು. ಹಣೆ ಬೋಳಾದ ಹಕ್ಕಿಯನ್ನು ‘ಮರಿ, ಕೈಗೆ ಪಳಗುತ್ತದೆ’ ಎನ್ನುವವನ ಮಾತನ್ನು ಆ ಹಣೆಯೇ ಸುಳ್ಳುಮಾಡುತ್ತದೆ. ಕಾಕಟೀಲ್, ಬೂದು ಗಿಳಿಗಳಂಥವನ್ನು ಲೆಕ್ಕವಿಟ್ಟು ಮರಿಮಾಡಿಸುವವರು ಮರಿ ಕೆಲವೇ ದಿನಗಳದ್ದಿರುವಾಗ ಬೆಸುಗೆಯಿಲ್ಲದ ಇಡಿಯ ಉಂಗುರವೊಂದನ್ನು ಅದರ ಕಾಲಿಗೆ ತೊಡಿಸುತ್ತಾರೆ. ಪಾದ ಬೆಳೆದ ಮೇಲೆ ಆ ಉಂಗುರ ಒಳಗೆ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ, ಆದ್ದರಿಂದ ಅದರ ಮೇಲೆ ಕೊರೆದ ವರ್ಷ ಮತ್ತು ಸಂಖ್ಯೆ ಹಕ್ಕಿಯೊಡನೆಯೇ ಇರುತ್ತವೆ. ಕತ್ತರಿಸಿ ಬಾಗಿಸಿ ಕೂಡಿಸಿದ ಉಂಗುರಕ್ಕೆ ಒಂದು ಸೀಳು ಕಾಣುತ್ತದೆ. ಬೆರಳಿನಿಂದ ಹಕ್ಕಿಯ ಕಾಲನ್ನು ಮೆಲ್ಲಗೆ ಹಿಡಿದು ಉಂಗುರವನ್ನು ಒಂದು ಸುತ್ತು ತಿರುಗಿಸಿ ನೋಡಿದರೆ ಆ ಸೀಳು ಇದೆಯೋ ಇಲ್ಲವೋ ಅಂಗಡಿಯಲ್ಲೇ ತಿಳಿಯುತ್ತದೆ.